ಎಂಟು ರಾತ್ರಿಗೆ 44 ಬತ್ತಿ

ಯಹೂದಿಗಳ ಹನುಕ್ಕಾ ಹಬ್ಬಕ್ಕೆಂದು ಮಾರುವ ಮೇಣದಬತ್ತಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 44 ಬತ್ತಿಗಳಿರುತ್ತವೆ. ಹಬ್ಬ ಇರುವುದೋ ಎಂಟೇ ರಾತ್ರಿ! ಮೊದಲ ರಾತ್ರಿ ಒಂದು, ಮರುದಿನ ಎರಡು, ಹೀಗೆ ಏರುತ್ತ ಕೊನೆಯ ರಾತ್ರಿ ಎಂಟು, ಕೂಡಿದರೆ 36. ಮಿಕ್ಕ ಎಂಟು ಬತ್ತಿ ಯಾರಿಗೆ? ‘ಶಮಾಶ್’ಗೆ, ಅಂದರೆ ಸೇವಕನಿಗೆ. ದಿನಕ್ಕೊಬ್ಬ ಸೇವಕ. ಅವನನ್ನು ಮೊದಲು ಹೊತ್ತಿಸಿ, ಅವನಿಂದ ಉಳಿದ ದೀಪಗಳನ್ನು ಹಚ್ಚಬೇಕು.

ಇದನ್ನು ‘ಯಹೂದಿಗಳ ದೀಪಾವಳಿ’ ಎಂದುಬಿಡುವುದು ಸುಲಭ. ಆದರೆ ಒಂದು ವ್ಯತ್ಯಾಸವಿದೆ. ಹನುಕ್ಕಾ ದೀಪದ ಬೆಳಕನ್ನು ಬಳಸುವಂತಿಲ್ಲ. ಅದರಲ್ಲಿ ಓದಬಾರದು, ಹೊಲಿಯಬಾರದು. ಸುಮ್ಮನೆ ನೋಡಬೇಕು, ಅಷ್ಟೆ. ಅಕಸ್ಮಾತ್ ಆ ಬೆಳಕಿನಲ್ಲಿ ಏನಾದರೂ ಮಾಡಿದರೂ ಅದು ಸೇವಕನ ಬೆಳಕು ಎನ್ನಲೆಂದೇ ಒಂಬತ್ತನೆಯ ದೀಪ ಬೇರೆಯಾಗಿ, ಹೆಚ್ಚಾಗಿ ತುಸು ಎತ್ತರದಲ್ಲಿ ನಿಂತಿರುತ್ತದೆ.

ಹಿನ್ನೆಲೆಯ ಕಥೆ ಚಿಕ್ಕದು. ಕ್ರಿ.ಪೂ. 164ರ ಸುಮಾರಿಗೆ ಮಕಬಿ ವೀರರು ಗ್ರೀಕ್ ಅರಸ ಆಂಟಿಯೋಕಸನ ಸೇನೆಯಿಂದ ಜೆರುಸಲೇಮಿನ ದೇವಾಲಯವನ್ನು ಬಿಡಿಸಿಕೊಂಡರು. ಅಲ್ಲಿ ಸಿಕ್ಕ ಶುದ್ಧ ಎಣ್ಣೆ ಒಂದೇ ದಿನಕ್ಕಾಗುವಷ್ಟಿತ್ತು. ಅದು ಎಂಟು ದಿನ ಉರಿಯಿತಂತೆ.

ದೊಡ್ಡವರು ಹಳೆಯ ಹಬ್ಬಗಳನ್ನು ನೆನೆಯುವಾಗ ಮಾತ್ರ ಯುದ್ಧದ ಮಾತು ಬರುವುದು ಕಡಿಮೆ. ಬರುವುದು ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಲಾಟ್ಕೆಯ ಘಮ, ಹಿತ್ತಾಳೆಗೆ ಅಂಟಿದ ಬಣ್ಣಬಣ್ಣದ ಮೇಣ, ‘ಇವತ್ತು ನಾನು ಹಚ್ತೀನಿ’ ಎಂಬ ಜಗಳ. ದೀಪ ಉರಿಯುವ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟಬಾರದೆಂಬ ರೂಢಿಯಿದೆ. ಅಮ್ಮ ಕೈಕಟ್ಟಿ ಕೂರುವ ಅರ್ಧ ಗಂಟೆ ಯಾವ ಮಗುವಿಗೆ ಮರೆತೀತು! ಆಗಲೇ ಡ್ರೈಡೆಲ್ ಎಂಬ ನಾಲ್ಕು ಮುಖದ ಬುಗುರಿಯಾಟ. ಅದರ ನಾಲ್ಕು ಅಕ್ಷರ ಕೂಡಿಸಿದರೆ ‘ಅಲ್ಲಿ ದೊಡ್ಡ ಪವಾಡ ನಡೆಯಿತು’ ಎಂದಾಗುತ್ತದೆ. ಇಸ್ರೇಲಿನ ಬುಗುರಿಯಲ್ಲಿ ಒಂದಕ್ಷರ ಬೇರೆ: ಅಲ್ಲಿ ಹೋಗಿ ‘ಇಲ್ಲಿ’.

ನಮ್ಮ ನೆರೆಯ ಕೊಂಕಣದಲ್ಲೂ ಯಹೂದಿಗಳಿದ್ದರು, ಬೆನೆ ಇಸ್ರೇಲಿಗಳು. ಹಡಗು ಒಡೆದು ಅಲಿಬಾಗಿನ ಬಳಿಯ ನವಗಾಂವ್ ತೀರ ಸೇರಿದವರ ಮಕ್ಕಳು ತಾವೆಂಬುದು ಅವರ ನಂಬಿಕೆ. ಗಾಣದ ಕಸುಬು ಮಾಡುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದೇ ಕರೆದರು. ತಮಾಷೆಯೆಂದರೆ, ಎಣ್ಣೆ ತೆಗೆಯುವ ಈ ಜನಕ್ಕೆ ಎಣ್ಣೆಯ ಈ ಹಬ್ಬವೇ ಬಹುಕಾಲ ಗೊತ್ತಿರಲಿಲ್ಲ. ಹೊರಗಿನ ಯಹೂದಿಗಳ ಒಡನಾಟ ಬೆಳೆದ ಮೇಲೆ ಅದು ಅವರ ಮನೆಗೆ ಬಂತು. 1948ರ ನಂತರ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು.

ದೀಪವನ್ನು ಬೀದಿಗೆ ಕಾಣುವಂತೆ ಕಿಟಕಿಯಲ್ಲೋ ಬಾಗಿಲಲ್ಲೋ ಇಡಬೇಕು. ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೆ ಸಾಕು ಎಂದು ಹಿರಿಯರೇ ವಿನಾಯಿತಿ ಕೊಟ್ಟಿದ್ದಾರೆ. 1931ರಲ್ಲಿ ಜರ್ಮನಿಯ ಕೀಲ್ ನಗರದ ರಬ್ಬಿ ಅಕೀವಾ ಪೋಸ್ನರ್ ಅವರ ಮನೆಯಲ್ಲಿ ಆ ವಿನಾಯಿತಿ ಬೇಕಾಗಲಿಲ್ಲ. ಎದುರಿನ ಕಟ್ಟಡದ ಮೇಲೆ ನಾಜಿ ಬಾವುಟ ಹಾರುತ್ತಿತ್ತು. ಇವರ ಕಿಟಕಿಯಲ್ಲಿ ಹನುಕ್ಕಾ ದೀಪವಿತ್ತು. ಪತ್ನಿ ರಾಖೆಲ್ ಎರಡೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆದರು. 1933ರಲ್ಲಿ ಕುಟುಂಬ ಜರ್ಮನಿ ಬಿಟ್ಟಿತು. ದೀಪವೂ ಜೊತೆಗೆ ಹೊರಟಿತು.

ಈಗ ಅದು ಜೆರುಸಲೇಮಿನ ಯಾದ್ ವಶೇಮ್ ಸಂಗ್ರಹಾಲಯದಲ್ಲಿದೆ. ಆದರೆ ಕೊಡುವಾಗ ಕುಟುಂಬ ಅದನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಪ್ರತಿ ವರ್ಷ ಹನುಕ್ಕಾ ಬಂದಾಗ ದೀಪ ಮನೆಗೆ ಬರುತ್ತದೆ, ಎಂಟು ರಾತ್ರಿ ಉರಿಯುತ್ತದೆ, ಮತ್ತೆ ಸಂಗ್ರಹಾಲಯಕ್ಕೆ ಹೋಗುತ್ತದೆ. 2022ರಲ್ಲಿ ಮಾತ್ರ ಅದು ಜರ್ಮನಿಗೆ ಪಯಣಿಸಿತು. ಬರ್ಲಿನ್ನಿನ ಅಧ್ಯಕ್ಷರ ನಿವಾಸದಲ್ಲಿ ಪೋಸ್ನರ್ ವಂಶದವರು ಅದನ್ನು ಹಚ್ಚಿದರು.