ಋತುಗಳನ್ನು ವಿಂಗಡಿಸುವ ಆಟ
ಎಳೆಯ ಮಕ್ಕಳಿಗೆ ಋತುಭೇದವನ್ನು ತಿಳಿಸಲು ಚಿತ್ರಗಳನ್ನು ವಿಂಗಡಿಸುವ ಆಟವು ಬಹು ಉಪಯುಕ್ತವಾದುದು. ಆದರೆ ಹಿಮದ ಬೊಂಬೆಯ ಚಿತ್ರವನ್ನು ಹಲಸೂರಿನ ಮಗುವು ಯಾವ ಗುಂಪಿಗೆ ಸೇರಿಸಬೇಕು? ಅದಕ್ಕೆ ಬದಲಾಗಿ ಅವರೆಕಾಯಿ, ಮಾವಿನಹಣ್ಣು, ಕೊಡೆ, ಸೂರ್ಯ ಇವುಗಳ ಚಿತ್ರಗಳನ್ನು ಮುಂದಿಡೋಣ. ಅವರೆಯು ಚಳಿಗಾಲಕ್ಕೂ ಮಾವು ಬೇಸಗೆಗೂ ಸುಲಭವಾಗಿ ಸೇರುವುವು, ತೊಡಕು ಕೊಡೆಯದು. ಮೇ ತಿಂಗಳ ಸಂಜೆಯ ಗುಡುಗುಮಳೆಯಲ್ಲಿ ನೆನೆದ ಮಗುವು ಅದನ್ನು ಬೇಸಗೆಯ ಗುಂಪಿಗೆ ಹಾಕಿದರೆ ತಪ್ಪೆನ್ನುವಂತಿಲ್ಲ. ಸೂರ್ಯನ ಚಿತ್ರವೂ ನಾವು ಭಾವಿಸುವಷ್ಟು ಸರಳವಲ್ಲ. ಬೆಂಗಳೂರಿನಲ್ಲಿ ಅವನು ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲಿನಲ್ಲಿ ಉರಿಬಿಸಿಲು, ಆಗಸ್ಟಿನಲ್ಲಿ ಮುಂಗಾರಿನ ಮೋಡಗಳು ಕಿರಣಗಳನ್ನು ತಡೆಯುವುದರಿಂದ ತಂಪು. ಆದುದರಿಂದ ಕೊಡೆಯ ಚಿತ್ರಗಳು ಎರಡಿರಲಿ. ಮೋಡ ಮುಸುಕಿದ ಸೂರ್ಯನ ಚಿತ್ರವೂ ಒಂದಿರಲಿ.