ಪರದೆಯ ಕೊನೆಯ ಸಾಲು

ಒಂದು ಕಚೇರಿಯ ಹಲವು ಗಣಕಯಂತ್ರಗಳನ್ನು ತಂತಿಗಳಿಂದ ಜೋಡಿಸಿ, ಎಲ್ಲರ ಕಡತಗಳನ್ನೂ ಒಂದೇ ಯಂತ್ರದಲ್ಲಿ ಇರಿಸುವ ಏರ್ಪಾಡು ಉಂಟು. ಉಗ್ರಾಣದಂತಿರುವ ಆ ಯಂತ್ರವೇ ಕಡತ ಸರ್ವರ್. ಅಮೆರಿಕದ ನೋವೆಲ್ ಸಂಸ್ಥೆಯು 1983ರಲ್ಲಿ ಹೊರತಂದ ನೆಟ್‌ವೇರ್ ಇಂತಹ ವ್ಯವಸ್ಥೆಗಳಲ್ಲಿ ಬಹು ಪ್ರಸಿದ್ಧವಾದುದು.

ಉಗ್ರಾಣದ ಬಾಗಿಲನ್ನು ಮುಚ್ಚುವ ಮೊದಲು ಒಳಗಿದ್ದವರಿಗೆ ಕೂಗಿ ಹೇಳಬೇಕಷ್ಟೆ. ಸರ್ವರನ್ನು ನಿಲ್ಲಿಸುವಾಗಲೂ ಹಾಗೆಯೇ. ತಟ್ಟೆಯ ಮೇಲೆ ಬರೆಯುವುದು ನಿಧಾನವಾದ ಕೆಲಸವಾದುದರಿಂದ, ಬಳಕೆದಾರರು ಕಳುಹಿಸಿದ ಮಾಹಿತಿಯನ್ನು ಸರ್ವರ್ ಸ್ವಲ್ಪ ಕಾಲ ತನ್ನ ಸ್ಮೃತಿಯಲ್ಲಿಯೇ ಹಿಡಿದಿಟ್ಟು ಅನಂತರ ತಟ್ಟೆಗೆ ಇಳಿಸುತ್ತಿತ್ತು. ವಿದ್ಯುತ್ತನ್ನು ಥಟ್ಟನೆ ಕಡಿದರೆ ಸ್ಮೃತಿಯಲ್ಲಿದ್ದುದೆಲ್ಲ ನಷ್ಟ. ಇದನ್ನು ತಪ್ಪಿಸಲು ‘ಡೌನ್’ ಎಂಬ ಆಜ್ಞೆಯಿತ್ತು. ಅದು ಉಳಿದುದನ್ನು ತಟ್ಟೆಗೆ ಬರೆದು, ತೆರೆದ ಕಡತಗಳನ್ನು ಮುಚ್ಚಿ, ಬಳಿಕ ಸರ್ವರನ್ನು ನಿಲ್ಲಿಸುತ್ತಿತ್ತು. ಆದರೆ ಗುಮಾಸ್ತನೊಬ್ಬನು ಬೆಳಗಿನಿಂದ ಬೆರಳಚ್ಚು ಮಾಡಿ ಇನ್ನೂ ಉಳಿಸದೆ ಬಿಟ್ಟ ಪತ್ರವು ಅವನ ಯಂತ್ರದಲ್ಲಿಯೇ ಇರುವುದರಿಂದ, ಡೌನ್ ಆಜ್ಞೆಗೆ ಅದರ ಸುಳಿವೇ ಇಲ್ಲ. ಅವನಿಗೆ ಮುಂಚಿತವಾಗಿ ತಿಳಿಸುವುದೊಂದೇ ದಾರಿ.

ಅದಕ್ಕಾಗಿ ಸರ್ವರಿನ ಕೀಲಿಮಣೆಯಿಂದ ಎಲ್ಲರಿಗೂ ಸಾರಲು ‘ಬ್ರಾಡ್‌ಕಾಸ್ಟ್’ ಆಜ್ಞೆಯೂ, ಒಬ್ಬ ಬಳಕೆದಾರನು ಇನ್ನೊಬ್ಬನಿಗೆ ಇಲ್ಲವೆ ಒಂದು ಗುಂಪಿಗೆ ತಿಳಿಸಲು ‘ಸೆಂಡ್’ ಆಜ್ಞೆಯೂ ಇದ್ದವು. ಸೆಂಡ್ ಎಂದು ಬರೆದು, ಉದ್ಧರಣ ಚಿಹ್ನೆಗಳ ನಡುವೆ ಮಾತನ್ನಿಟ್ಟು, ಪಡೆಯುವವನ ಹೆಸರನ್ನು ಸೇರಿಸಿದರೆ ಸಾಕು. ಮಾತು ನೇರವಾಗಿ ಅವನ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಸರ್ವರ್ ಅದನ್ನು ತನ್ನಲ್ಲಿರಿಸಿಕೊಂಡು, ‘ನಿನಗೊಂದು ಸಂದೇಶವಿದೆ’ ಎಂಬ ಸಣ್ಣ ಸನ್ನೆಯನ್ನಷ್ಟೇ ಕಳುಹಿಸುತ್ತಿತ್ತು. ಆ ಯಂತ್ರವೇ ಬಂದು ಸಂದೇಶವನ್ನು ಕೇಳಿ ಪಡೆದು, ಪರದೆಯ ಅತ್ಯಂತ ಕೆಳಗಿನ ಸಾಲಿನಲ್ಲಿ ತೋರಿಸುತ್ತಿತ್ತು. ಪಡೆಯುವವನು ಆ ಹೊತ್ತಿನಲ್ಲಿ ಜಾಲದಲ್ಲಿ ಇಲ್ಲದಿದ್ದರೆ ಸಂದೇಶವು ಅವನಿಗಾಗಿ ಕಾಯುತ್ತಿರಲಿಲ್ಲ. ಇದು ಅಂಚೆಯಲ್ಲ, ಕೂಗು.

ಈ ಕೂಗಿಗೆ ಒಂದು ಕೆಟ್ಟ ಗುಣವಿತ್ತು. ಸಂದೇಶ ಬಂದೊಡನೆ ಯಂತ್ರದ ಕೆಲಸವೆಲ್ಲ ನಿಲ್ಲುತ್ತಿತ್ತು. ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದ ಮೇಲೆಯೇ ಅದು ಮುಂದುವರಿಯುವುದು. ರಾತ್ರಿಯಿಡೀ ತಾನಾಗಿ ದುಡಿಯಲೆಂದು ಬಿಟ್ಟುಹೋದ ಯಂತ್ರವು, ಯಾರೋ ಕಳುಹಿಸಿದ ಒಂದು ನಮಸ್ಕಾರದಿಂದ ಬೆಳಗಿನವರೆಗೂ ಸ್ತಬ್ಧವಾಗಿ ನಿಲ್ಲಬಹುದಾಗಿತ್ತು! ಅದಕ್ಕೆ ಪರಿಹಾರ ‘ಕ್ಯಾಸ್ಟ್‌ಆಫ್’ ಆಜ್ಞೆ. ಅದು ಇತರ ಬಳಕೆದಾರರ ಸಂದೇಶಗಳನ್ನು ತಡೆಯುತ್ತಿತ್ತು. ‘ಆಲ್’ ಎಂಬ ಪದವನ್ನೂ ಸೇರಿಸಿದರೆ ಸರ್ವರಿನ ಎಚ್ಚರಿಕೆಯೂ ಒಳಗೆ ಬಾರದು. ನೆಮ್ಮದಿಯನ್ನು ಬಯಸಿದವನು ಅಪಾಯದ ಸುದ್ದಿಯನ್ನೂ ಬಿಟ್ಟುಕೊಡಬೇಕಾಗಿತ್ತು. ‘ಕ್ಯಾಸ್ಟ್‌ಆನ್’ ಎಂದರೆ ಬಾಗಿಲು ಮತ್ತೆ ತೆರೆಯುವುದು.

ಇಂತಹ ತಡೆಯ ಅಗತ್ಯ ಹೊಸದೇನಲ್ಲ. 1971ರ ಯೂನಿಕ್ಸ್ ವ್ಯವಸ್ಥೆಯಲ್ಲಿಯೇ ಇನ್ನೊಬ್ಬನ ಪರದೆಗೆ ಬರೆಯುವ ‘ರೈಟ್’ ಆಜ್ಞೆಯ ಜೊತೆಗೆ, ಅದನ್ನು ನಿರಾಕರಿಸುವ ‘ಮೆಸ್ಜ್’ ಆಜ್ಞೆಯೂ ಇತ್ತು. ವಿಂಡೋಸ್‌ನ ‘ನೆಟ್ ಸೆಂಡ್’ ಆಜ್ಞೆಯ ಪಾಡು ಬೇರೆಯಾಯಿತು. ಕಚೇರಿಯ ಗೋಡೆಗಳೊಳಗೆ ಪರಿಚಿತರ ನಡುವೆ ಬಳಸಲೆಂದು ಇದ್ದ ಆ ಸೌಲಭ್ಯವು ಅಂತರಜಾಲಕ್ಕೂ ತೆರೆದುಕೊಂಡಿದ್ದ ಯಂತ್ರಗಳಲ್ಲಿ ಅಪರಿಚಿತ ಜಾಹೀರಾತುದಾರರ ಕೈಗೆ ಸಿಕ್ಕಿತು. ಮೈಕ್ರೋಸಾಫ್ಟ್ ಸಂಸ್ಥೆಯು 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣದೊಡನೆ ಅದನ್ನು ಮೊದಲಿನಿಂದಲೇ ಮುಚ್ಚಿಟ್ಟಿತು. ಮುಂದಿನ ವಿಸ್ಟಾ ಆವೃತ್ತಿಯಲ್ಲಿ ತೆಗೆದೇ ಹಾಕಿತು.