ಕೊರಮೀನಿಗೆ ಖಾರ ಕಡಿಮೆ ಸಾಕು

ನಮ್ಮ ಕಡೆ ಮೀನಿನ ಸಾರು ಎಂದರೆ ಕೆಂಪಗಿರಬೇಕು. ಒಣಮೆಣಸಿನಕಾಯಿ ಖಾರ, ಅದರ ಮೇಲೆ ಅಂಗಡಿಯ ಮಸಾಲೆ ಪುಡಿ, ಎಣ್ಣೆ ಬಿಡುವ ತನಕ ಕುದಿ. ಸಾಕಿದ ಕಟ್ಲಾ, ರೋಹುವಿಗೆ ಅದು ಒಪ್ಪುತ್ತದೆ. ಹೊಳೆಯಲ್ಲೋ ಕೆರೆಯಲ್ಲೋ ತಾನಾಗಿ ಬೆಳೆದ ಕೊರಮೀನನ್ನೂ ಅದೇ ಖಾರದಲ್ಲಿ ಮುಳುಗಿಸಿದರೆ ನನಗೆ ಸಂಕಟವಾಗುತ್ತದೆ. ಅಷ್ಟು ರೊಕ್ಕ ಕೊಟ್ಟು ತಂದ ಮೀನಿನ ರುಚಿ ನಾಲಿಗೆಗೆ ಸಿಗುವುದೇ ಇಲ್ಲ. ಮನೆಯ ಸಣ್ಣ ಮಕ್ಕಳಂತೂ ಒಂದು ತುತ್ತಿಗೇ ನೀರು ಕೇಳುತ್ತಾರೆ.

ನನ್ನ ತವರು ಲಿಂಗಸುಗೂರು ತಾಲೂಕಿನ ಕೃಷ್ಣೆ ದಂಡೆ, ಜಲದುರ್ಗದ ಕೋಟೆಯ ಸೀಮೆ. ಕೊಟ್ಟದ್ದು ಸಿಂಧನೂರಿಗೆ. ತವರಲ್ಲಿ ಹೊಳೆ ಮೀನು, ಇಲ್ಲಿ ಕಾಲುವೆ ಮತ್ತು ಕೆರೆ ಮೀನು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆ ಈ ಜೋಳದ ನೆಲವನ್ನು ಭತ್ತದ ನೆಲ ಮಾಡಿತು. ನೀರಿನ ಹಿಂದೆ ಮೀನೂ ಬಂತು. ಮಸ್ಕಿಯಲ್ಲಿರುವ ನಮ್ಮಕ್ಕನ ಮನೆಗೆ ಮಸ್ಕಿ ನಾಲಾ ಜಲಾಶಯದ ಮೀನು ಬರುತ್ತದೆ. ಮೂರೂ ಊರಿನ ಅಡುಗೆಮನೆಯಲ್ಲಿ ಸಾರು ಬೇರೆ ಬೇರೆ, ಕೊರಮೀನು ಮಾತ್ರ ಒಂದೇ. ಹಳೇ ಮೈಸೂರಿನವರು ಇದನ್ನು ಕೊರವ ಅನ್ನುತ್ತಾರೆ.

ಕೊರಮೀನಿನ ಮಾಂಸ ಬೆಳ್ಳಗೆ ಯಾಕೆ ಎಂಬುದು ಗೊತ್ತಿದ್ದರೆ ಅಡುಗೆ ಅರ್ಧ ಕಲಿತಂತೆ. ಬಂಗಡೆಯಂಥ ಸಮುದ್ರದ ಮೀನು ದಿನವಿಡೀ ಈಜುತ್ತದೆ. ದಣಿಯದೆ ದುಡಿಯುವ ಸ್ನಾಯುವಿಗೆ ಆಮ್ಲಜನಕ ಬೇಕು. ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತುವಿನಿಂದ ಅದರ ಮಾಂಸ ಕಪ್ಪೇರುತ್ತದೆ. ಕೊರಮೀನು ಹಾಗಲ್ಲ. ಜೊಂಡಿನ ಮರೆಯಲ್ಲಿ ಅಲುಗಾಡದೆ ಬಿದ್ದಿದ್ದು, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂದಾಗ ಒಮ್ಮೆಲೇ ನುಗ್ಗುತ್ತದೆ. ಅಂಥ ಸ್ನಾಯುವಿನಲ್ಲಿ ಕೆಂಪು ಕಡಿಮೆ, ಕೊಬ್ಬೂ ಕಡಿಮೆ. ಕೊಬ್ಬು ಕಡಿಮೆಯಾದ್ದರಿಂದ ವಾಸನೆ ಸೌಮ್ಯ. ಆದರೆ ಉರಿಯ ಮೇಲೆ ಎರಡು ನಿಮಿಷ ಹೆಚ್ಚಾದರೂ ಮಾಂಸ ನಾರಾಗುತ್ತದೆ. ಕುರಿ ಮಾಂಸದಲ್ಲಿರುವಷ್ಟು ಗಟ್ಟಿ ಅಂಟುನಾರು ಮೀನಿನಲ್ಲಿ ಇಲ್ಲ, ಇರುವಷ್ಟೂ ಸಣ್ಣ ಕಾವಿಗೇ ಕರಗುತ್ತದೆ. ಹಾಗಾಗಿ ಬಹಳ ಹೊತ್ತು ಕುದಿಸುವುದರಿಂದ ಲಾಭವೇನೂ ಇಲ್ಲ.

ಇನ್ನೊಂದು ಗುಣ ತಾಯಂದಿರಿಗೆ ಮುಖ್ಯ. ರೋಹು, ಕಟ್ಲಾದ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಅಡಗಿರುತ್ತವೆ. ಕೊರಮೀನಿನಲ್ಲಿ ಅವಿಲ್ಲ. ನಡುಮೂಳೆ, ಪಕ್ಕೆಲುಬು ಬಿಡಿಸಿದರೆ ಮಗುವಿನ ಅನ್ನದಲ್ಲಿ ಧೈರ್ಯವಾಗಿ ಕಲಸಬಹುದು. ಕಾಯಿಲೆಯಿಂದ ಎದ್ದವರಿಗೆ ಇದನ್ನೇ ಹುಡುಕಿ ತರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ದೂರದ ಇಂಡೋನೇಷ್ಯಾದಲ್ಲೂ ಶಸ್ತ್ರಚಿಕಿತ್ಸೆಯಾದವರಿಗೆ, ಗಾಯ ಬೇಗ ಮಾಯಲೆಂದು, ಇದೇ ಮೀನು ಕೊಡುವ ರೂಢಿಯಿದೆ.

ಕೊರಮೀನು ನೀರಿನ ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ. ಆದ್ದರಿಂದ ಬುಟ್ಟಿಯಲ್ಲಿ ಒದ್ದೆ ಹುಲ್ಲಿನಡಿ ತಾಸುಗಟ್ಟಲೆ ಬದುಕಿರುತ್ತದೆ. ಜೀವಂತ ಸಿಕ್ಕರೆ ಅದನ್ನೇ ಕೊಳ್ಳಿ. ಸತ್ತದ್ದಾದರೆ ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುರುತು ಉಳಿಯಬಾರದು. ಭತ್ತದ ಗದ್ದೆಯ ಬಸಿಗಾಲುವೆಯಲ್ಲಿ ಹಿಡಿದದ್ದನ್ನು ಮಾತ್ರ ನಾನು ಮನೆಗೆ ತರುವುದಿಲ್ಲ. ನಮ್ಮ ಗದ್ದೆಗಳಿಗೆ ಎಷ್ಟು ಔಷಧ ಹೊಡೆಯುತ್ತಾರೆಂಬುದು ಕಣ್ಣಿಗೆ ಕಾಣುವ ಸಂಗತಿ. ಎಲ್ಲಿಯ ಮೀನು ಎಂದು ಕೇಳಿಯೇ ಕೊಳ್ಳಬೇಕು.

ಬೂದಿ ಇಲ್ಲವೆ ಹರಳುಪ್ಪು ಹಚ್ಚಿದರೆ ಕೈ ಜಾರುವುದಿಲ್ಲ. ಸಿಪ್ಪೆ ಕೆರೆದು ಎರಡು ಬೆರಳು ದಪ್ಪದ ತುಂಡು ಮಾಡಿ. ಕೆರೆ ಮೀನಿನ ಮಣ್ಣಿನ ವಾಸನೆಗೆ ಮಣ್ಣಷ್ಟೇ ಕಾರಣವಲ್ಲ. ನೀರಿನ ಪಾಚಿ ಮತ್ತು ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಚರ್ಮ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಹುಳಿಗೆ ಅದು ಮುರಿಯುತ್ತದೆ. ಆದ್ದರಿಂದ ಹುಣಸೆ ನೀರು, ಉಪ್ಪು, ಅರಿಶಿಣದಲ್ಲಿ ಕಾಲು ತಾಸು ಇಟ್ಟು ತೊಳೆದರೆ ಸಾಕು.

ಒಂದು ಕಿಲೋ ಮೀನಿಗೆ ನನ್ನ ಲೆಕ್ಕ ಹೀಗೆ. ಅಗಲ ಬಾಯಿಯ ಪಾತ್ರೆಯಲ್ಲಿ ಶೇಂಗಾ ಎಣ್ಣೆ, ಸಣ್ಣಗೆ ಹೆಚ್ಚಿದ 2 ಉಳ್ಳಾಗಡ್ಡಿ, ಜಜ್ಜಿದ 10 ಎಸಳು ಬಳ್ಳೊಳ್ಳಿ, ಸೀಳಿದ 4 ಹಸಿಮೆಣಸಿನಕಾಯಿ, ಕರಿಬೇವು. ಉಳ್ಳಾಗಡ್ಡಿ ಮೆತ್ತಗಾದ ಮೇಲೆ 2 ಟೊಮೆಟೊ, ಅರಿಶಿಣ, ಒಂದು ಚಮಚ ಅರೆದ ಕೊಬ್ಬರಿ, ಸ್ವಲ್ಪ ಹುಣಸೆ ರಸ. ನೀರು ಹಾಕಿ ಸಾರನ್ನೇ ಮೊದಲು ಹತ್ತು ನಿಮಿಷ ಕುದಿಸಿ, ಉಪ್ಪು ಹುಳಿ ನೋಡಿ ಸರಿಮಾಡಿ. ಮೀನು ಕೊನೆಗೆ. ಉರಿ ಸಣ್ಣದು ಮಾಡಿ ತುಂಡುಗಳನ್ನು ಒಂದೇ ಪದರವಾಗಿ ಇಳಿಬಿಟ್ಟರೆ ಏಳೆಂಟು ನಿಮಿಷ ಸಾಕು. “ಮೀನ ಹಾಕಿದ ಮ್ಯಾಲ ಸೌಟು ಮುಟ್ಟಬ್ಯಾಡವ್ವ, ಪಾತ್ರಿ ಹಿಡಕೊಂಡು ತಿರುವು” ಎಂದು ನಮ್ಮವ್ವ ಹೇಳಿದ್ದನ್ನು ಇಂದಿಗೂ ಮೀರಿಲ್ಲ. ಮಾಂಸದ ಗಾಜಿನಂಥ ಹೊಳಪು ಹೋಗಿ ಸುಣ್ಣದ ಬಿಳುಪು ಬಂದು, ನಡುಮೂಳೆಯಿಂದ ಸಲೀಸಾಗಿ ಬಿಟ್ಟರೆ ಬೆಂದಿದೆ. ಸಿಹಿನೀರಿನ ಮೀನಿನಲ್ಲಿ ಹುಳುಗಳಿರಬಹುದಾದ್ದರಿಂದ ಹಸಿ ಉಳಿಯಲೂಬಾರದು. ಕೊತ್ತಂಬರಿ ಉದುರಿಸಿ, ಮುಚ್ಚಿಟ್ಟು, ಅನ್ನದ ಮೇಲೆ ಬಡಿಸಿ. ಹೆಚ್ಚು ಖಾರ ಬೇಕಾದವರಿಗೆ ಪಕ್ಕದಲ್ಲಿ ಕೆಂಪು ಚಟ್ನಿ ಇದ್ದೇ ಇರುತ್ತದೆ.

ಮಸ್ಕಿಯ ಅಕ್ಕನ ಮನೆಯಲ್ಲಿ ರೊಟ್ಟಿಯೇ ಪ್ರಧಾನ, ಅಲ್ಲಿ ಹಂಚಿನ ಮೇಲೆ ಸುಡುತ್ತಾರೆ. ಉಪ್ಪು, ಅರಿಶಿಣ, ನಿಂಬೆರಸ, ಚಿಟಿಕೆ ಖಾರ ಸವರಿ, ಜೋಳದ ಹಿಟ್ಟಿನಲ್ಲಿ ತೆಳ್ಳಗೆ ಹೊರಳಿಸಿ, ಒಂದೊಂದು ಮಗ್ಗುಲು ಮೂರ್ನಾಲ್ಕು ನಿಮಿಷ. ಜೋಳದ ಹಿಟ್ಟು ಮೈದಾದಂತೆ ಜಿಗುಟಾಗದೆ ಗರಿಗರಿ ಉಳಿಯುತ್ತದೆ, ಒಳಗಿನ ಮಾಂಸ ಒಣಗುವುದಿಲ್ಲ.

ಸಿಂಧನೂರಿನ ಭಾಗ್ಯವೆಂದರೆ ಆರ್.ಎಚ್. ಕ್ಯಾಂಪುಗಳು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಇಲ್ಲಿ ನೆಲೆ ನಿಂತಿವೆ. ಮೀನಿನ ವಿಷಯದಲ್ಲಿ ಅವರ ಮುಂದೆ ನಾವೆಲ್ಲ ಶಿಷ್ಯರು. ಕ್ಯಾಂಪಿನ ಗೆಳತಿ ಹೇಳಿಕೊಟ್ಟಳು: “ದೀದಿ, ಮೊದಲು ಉಪ್ಪು ಅರಿಶಿಣ ಹಚ್ಚಿ ಸ್ವಲ್ಪ ಹುರಿ, ಆಮೇಲೆ ನೀರಿಗೆ ಹಾಕು.” ಹುರಿದ ಹೊರಪದರ ತುಂಡನ್ನು ಒಡೆಯದಂತೆ ಕಾಯುತ್ತದೆ. ಅವರ ತೆಳು ಸಾರಿನಲ್ಲಿ ಸಾಸಿವೆ ಎಣ್ಣೆ, ಕಲೋಂಜಿ, ಹಸಿಮೆಣಸಿನಕಾಯಿ, ಉದ್ದಕ್ಕೆ ಸೀಳಿದ ಆಲೂಗಡ್ಡೆ. ಗರಂ ಮಸಾಲೆಯ ಮಾತೇ ಇಲ್ಲ. ನಮ್ಮ ಅತ್ತೆಗೆ ಸಾಸಿವೆ ಎಣ್ಣೆಯ ಘಾಟು ಹಿಡಿಸಲಿಲ್ಲ, ಮಕ್ಕಳು ತಾಟು ನೆಕ್ಕಿದರು.

ಮಳೆಗಾಲದಲ್ಲಿ ಕೊರಮೀನು ಮರಿ ಮಾಡುತ್ತದೆ. ಕೆಂಪು ಕೇಸರಿ ಬಣ್ಣದ ಮರಿಗಳ ಗುಂಪು ನೀರಿನ ಮೇಲೆ ತೇಲುತ್ತಿದ್ದರೆ ಅದರಡಿಯಲ್ಲೇ ಕಾವಲಿಗೆ ದೊಡ್ಡ ಮೀನು ಇರುತ್ತದೆ. ಅದನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಪಾಲು. ಮೀನಿಗೆ ಬಿಡುವು ಕೊಡಬೇಕೆಂಬ ಮಾತು ಹಳೆಯದು. ಮಸ್ಕಿಯ ಬಂಡೆಯ ಶಾಸನದಲ್ಲಿ 1915ರಲ್ಲಿ ಅಶೋಕನ ಹೆಸರು ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅದೇ ಅರಸ ಉತ್ತರದ ತನ್ನ 5ನೆಯ ಸ್ತಂಭ ಶಾಸನದಲ್ಲಿ ಕೆಲವು ದಿನ ಮೀನು ಕೊಲ್ಲಬಾರದು, ಮಾರಲೂಬಾರದು ಎಂದು ಬರೆಸಿದ್ದಾನೆ. ನಾನೂ ಮಳೆಗಾಲದ ತಿಂಗಳುಗಳಲ್ಲಿ ದೊಡ್ಡ ಕೊರಮೀನು ಕೊಳ್ಳುವುದಿಲ್ಲ. ಬದಲಿಗೆ ಕೆರೆಯ ಜಿಲೇಬಿ ಮೀನು ತರುತ್ತೇನೆ. ಅದೂ ಬಿಳಿ ಮಾಂಸದ್ದೇ, ಅದೇ ಸಾರು ಸಾಲುತ್ತದೆ. ತುಂಡು ತೆಳುವಾದ್ದರಿಂದ ಐದು ನಿಮಿಷಕ್ಕೇ ಇಳಿಸಬೇಕು; ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ತಿಕ್ಕಿ ತೆಗೆಯದಿದ್ದರೆ ಸಾರು ಕಹಿಯಾಗುತ್ತದೆ.